ಡ್ರೋನ್ ಕಾಲದಲ್ಲೂ ಹೊವಿಟ್ಜರ್ ಯಾಕೆ ಬೇಕು?

ಸುಮ್ನೆಕುತೂಹಲ
2025ರ ಮಾರ್ಚ್‌ನಲ್ಲಿ ನಮ್ಮ ಸೇನೆಗೆ 307 ಅಟ್ಯಾಗ್ಸ್ ಫಿರಂಗಿ ಕೊಳ್ಳೋ ಒಪ್ಪಂದ ಆಯ್ತಲ್ಲ, ಭಾರತ್ ಫೋರ್ಜ್ ಮತ್ತು ಟಾಟಾ ಜೊತೆ, ಅದನ್ನ ಓದಿದಾಗಿಂದ ತಲೇಲಿ ಒಂದು ಪ್ರಶ್ನೆ ಕೊರೀತಿದೆ. ಉಕ್ರೇನ್ ಯುದ್ಧದಲ್ಲಿ ಅಂಗೈಯಗಲದ ಡ್ರೋನ್ ಬಂದು ಟ್ಯಾಂಕ್ ಸುಡೋ ವಿಡಿಯೋ ದಿನಾ ನೋಡ್ತೀವಿ. ಅಂಥದ್ರಲ್ಲಿ ಸುಮಾರು 18 ಟನ್ ತೂಕದ, ಲಾರಿ ಹಿಂದೆ ಕಟ್ಟಿ ಎಳೀಬೇಕಾದ ಹೊವಿಟ್ಜರ್ ಇಟ್ಕೊಂಡು ಏನು ಮಾಡೋದು? ಜೊತೆಗೆ ಇನ್ನೊಂದು. ಗನ್, ಹೊವಿಟ್ಜರ್, ಮೋರ್ಟರ್ ಮೂರಕ್ಕೂ ನಿಜವಾಗಿ ಏನಾದ್ರೂ ವ್ಯತ್ಯಾಸ ಇದೆಯಾ, ಅಥವಾ ಪತ್ರಿಕೆಯವರು ಬಾಯಿಗೆ ಬಂದದ್ದು ಬರೀತಾರಾ?

ಬಾಣಬಿರುಸು
ಅವುಗಳ ಕಾಲ ಮುಗೀತು. ಆ ದುಡ್ಡಲ್ಲಿ ಲಕ್ಷ ಡ್ರೋನ್ ಬರ್ತಿತ್ತು. ಚರ್ಚೆ ಮುಗಿಸಬಹುದು.

ಲೆಕ್ಕದಮೇಷ್ಟ್ರು
ಅಷ್ಟು ಬೇಗ ಬೀಗ ಹಾಕ್ಬೇಡಿ ಸ್ವಾಮಿ. ಮೊದಲು ಎರಡನೇ ಪ್ರಶ್ನೆ ನೋಡೋಣ, ಮೊದಲನೆಯದರ ಅರ್ಧ ಉತ್ತರ ಅದರಲ್ಲೇ ಇದೆ.

ಕಾಂಪೌಂಡ್ ಗೋಡೆಯಾಚೆ ಅವಿತಿರೋನಿಗೆ ಚೆಂಡು ಹೊಡೀಬೇಕು ಅಂದ್ರೆ ನೇರಕ್ಕೆ ಬೀಸಿದ್ರೆ ಗೋಡೆಗೆ ಬಡಿಯುತ್ತೆ, ಮೇಲಕ್ಕೆ ಎತ್ತಿ ಹಾಕಬೇಕು. ಹೊವಿಟ್ಜರ್ ಹುಟ್ಟಿದ್ದೇ ಈ ಕೆಲಸಕ್ಕೆ. ಹಳೇ ಲೆಕ್ಕದಲ್ಲಿ ಗನ್ ಅಂದ್ರೆ ಉದ್ದ ನಳಿಕೆ, ಭಾರೀ ವೇಗ, ನೆಲಕ್ಕೆ ಒತ್ತಿಕೊಂಡಂತೆ ಹೋಗೋ ಗುಂಡು. ಮೋರ್ಟರ್ ಅಂದ್ರೆ ಗಿಡ್ಡ ನಳಿಕೆ, 45 ಡಿಗ್ರಿಗಿಂತ ಮೇಲಕ್ಕೇ ಹೊಡೆಯೋದು, ಹತ್ತಿರದ ಗುರಿ. ಹೊವಿಟ್ಜರ್ ಇವೆರಡರ ನಡುವೆ. ನಳಿಕೆಯನ್ನ 45ಕ್ಕಿಂತ ಕೆಳಗೂ ಇಡಬಹುದು, ಮೇಲೂ ಎತ್ತಬಹುದು.

ಮಜಾ ಇರೋದು ಮದ್ದಿನಲ್ಲಿ. ರೈಫಲ್ ಗುಂಡಿನ ಹಾಗೆ ಮದ್ದು ಶೆಲ್‌ಗೆ ಅಂಟಿಕೊಂಡಿರಲ್ಲ. 155 ಮಿ.ಮೀ. ಹೊವಿಟ್ಜರ್‌ನಲ್ಲಿ ಮೊದಲು ಶೆಲ್ ತುರುಕ್ತಾರೆ, ಆಮೇಲೆ ಹಿಂದಿನಿಂದ ಬೇಕಾದಷ್ಟೇ ಮದ್ದು ಇಡ್ತಾರೆ. ಮದ್ದು ಕಮ್ಮಿ ಇಟ್ರೆ ವೇಗ ಕಮ್ಮಿ, ಬಾಗು ಜಾಸ್ತಿ. ಹಾಗಾಗಿ ಒಂದೇ ಜಾಗಕ್ಕೆ ನಾಲ್ಕಾರು ದಾರೀಲಿ ಶೆಲ್ ಕಳಿಸಬಹುದು. ಬೆಟ್ಟದ ಈಚೆ ನಿಂತು ಆಚೆ ಇಳಿಜಾರಿನಲ್ಲಿ ಅಡಗಿರೋರ ತಲೆ ಮೇಲೆ ಬೀಳಿಸೋಕೆ ಆಗೋದು ಇದರಿಂದಲೇ.

ಗನ್ನರ್_ನಿವೃತ್ತ
ಮೇಷ್ಟ್ರೇ, ಪುಸ್ತಕದ ವ್ಯಾಖ್ಯೆ ಸರಿ ಇದೆ. ಆದ್ರೆ ಗನ್‌ಗೂ ಹೊವಿಟ್ಜರ್‌ಗೂ ಇರೋ ಗಡಿ ಅಳಿಸಿ ಎಷ್ಟೋ ಕಾಲ ಆಯ್ತು. ನಾವು ಬಳಸಿದ್ದ 130 ಮಿ.ಮೀ. ಎಂ-46 ಅಪ್ಪಟ ಫೀಲ್ಡ್ ಗನ್, ಸೋವಿಯತ್ ಮಾಲು, 27 ಕಿ.ಮೀ. ತನಕ ಎಸೀತಿತ್ತು. ಅದರ ನಳಿಕೆ ಕಿತ್ತು 155 ಮಿ.ಮೀ. ನಳಿಕೆ ಕೂರಿಸಿ 'ಸಾರಂಗ್' ಮಾಡಿದ್ರು. ಬೋಫೋರ್ಸ್, ಧನುಷ್, ಅಟ್ಯಾಗ್ಸ್ ಯಾವುದನ್ನೇ ತಗೊಳ್ಳಿ, ಗನ್ನಿನ ದೂರವೂ ಇದೆ, ಹೊವಿಟ್ಜರಿನ ಬಾಗೂ ಇದೆ. ರೆಜಿಮೆಂಟ್‌ನಲ್ಲಿ ಯಾರೂ 'ಹೊವಿಟ್ಜರ್ ತಗೊಂಬಾ' ಅನ್ನಲ್ಲ. ಎಲ್ಲವೂ ಗನ್, ನಾವೆಲ್ಲ ಗನ್ನರ್. ಅಷ್ಟೇ.

ಮೂರನೇಕಣ್ಣು
155 ಮಿ.ಮೀ. 39 ಕ್ಯಾಲಿಬರ್, 52 ಕ್ಯಾಲಿಬರ್ ಅಂತ ಬರೀತಾರಲ್ರೀ, ಒಂದು ಫಿರಂಗಿಗೆ ಎರಡು ಕ್ಯಾಲಿಬರ್ ಹ್ಯಾಂಗ್ ಇರ್ತಾವ?

ಲೆಕ್ಕದಮೇಷ್ಟ್ರು
155 ಅನ್ನೋದು ನಳಿಕೆಯ ಒಳವ್ಯಾಸ. 52 ಅನ್ನೋದು ಉದ್ದ, ವ್ಯಾಸದ 52 ಪಟ್ಟು. ಗುಣಿಸಿ ನೋಡಿ, 8 ಮೀಟರ್ ಮೇಲೆ ಬರುತ್ತೆ. 39 ಆದ್ರೆ 6 ಮೀಟರ್ ಚಿಲ್ಲರೆ. ನಳಿಕೆ ಉದ್ದ ಆದಷ್ಟೂ ಉರಿದ ಮದ್ದಿನ ಅನಿಲ ಶೆಲ್ಲನ್ನ ಹೆಚ್ಚು ಹೊತ್ತು ತಳ್ಳುತ್ತೆ, ಹೊರಬೀಳೋ ವೇಗ ಹೆಚ್ಚುತ್ತೆ. ಬೋಫೋರ್ಸ್ 39, ಧನುಷ್ 45, ಅಟ್ಯಾಗ್ಸ್ ಮತ್ತು ಕೆ-9 ವಜ್ರ 52. ದೂರ ಹೆಚ್ಚುತ್ತಾ ಹೋಗಿದ್ದು ಈ ಕ್ರಮದಲ್ಲೇ.

ಬಾಣಬಿರುಸು
ಇದೆಲ್ಲ ಸರಿ. ಡ್ರೋನ್ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ.

ಹಳೇಪುಟ
ಕೊಡೋಣ, ಅದಕ್ಕೂ ಮೊದಲು ನೂರು ವರ್ಷ ಹಿಂದೆ ಹೋಗಿ ಬರಬೇಕು. 'ಹೊವಿಟ್ಜರ್ ಯಾಕೆ' ಅನ್ನೋ ಪ್ರಶ್ನೇನ 1914ರಲ್ಲಿ ಫ್ರೆಂಚರೂ ಕೇಳಿದ್ರು, ದುಬಾರಿ ಉತ್ತರ ಸಿಕ್ತು.

ಅವರ ಹೆಮ್ಮೆ 1897ರ 75 ಮಿ.ಮೀ. ಗನ್. ಹಾರಿಸಿದಾಗ ನಳಿಕೆ ಮಾತ್ರ ಹಿಂದಕ್ಕೆ ಸರಿದು ತಾನೇ ಜಾಗಕ್ಕೆ ಬರ್ತಿತ್ತು, ಗಾಡಿ ಕದಲ್ತಿರಲಿಲ್ಲ. ಪ್ರತಿ ಸಲ ಮತ್ತೆ ಗುರಿ ಹಿಡಿಯೋ ಗೋಜಿಲ್ಲ, ನಿಮಿಷಕ್ಕೆ ಹದಿನೈದು ಶೆಲ್ ಹಾರಿಸಬಹುದಿತ್ತು. ಬಯಲಲ್ಲಿ ನಿಂತ ದಂಡಿನ ಪಾಲಿಗೆ ಯಮ. ಆದ್ರೆ ಎದುರಾಳಿ ಕಂದಕ ತೋಡಿ ಕೂತ ದಿನ ಆಟ ಬದಲಾಯ್ತು. ಚಪ್ಪಟೆ ದಾರೀಲಿ ಬರೋ ಶೆಲ್ ಕಂದಕದ ಮೇಲೆ ಹಾದು ಹೋಗುತ್ತೆ, ಒಳಗೆ ಇಳಿಯಲ್ಲ. ಜರ್ಮನರ ಹತ್ರ ಮೊದಲಿಂದಲೇ 105 ಮತ್ತು 150 ಮಿ.ಮೀ. ಹೊವಿಟ್ಜರ್‌ಗಳಿದ್ವು. ಬೆಲ್ಜಿಯಂನ ಲೀಜ್ ಕೋಟೆಗಳನ್ನ ಮುರಿಯೋಕೆ 420 ಮಿ.ಮೀ. ದೈತ್ಯನನ್ನೇ ತಂದ್ರು. 1914ರ ಆಗಸ್ಟ್ 15ರಂದು ಅದರ ಒಂದು ಶೆಲ್ ಲೋನ್ಸಿನ್ ಕೋಟೆಯ ಕಾಂಕ್ರೀಟ್ ತೂತು ಮಾಡಿ ಮದ್ದಿನ ಮನೆಗೇ ಬಿತ್ತು. ಕೋಟೆ ಒಳಗಿಂದಲೇ ಸಿಡಿದು ಮುನ್ನೂರೈವತ್ತರ ಆಸುಪಾಸು ಸೈನಿಕರು ಹೋದ್ರು. ಮೇಲಿಂದ ಕಡಿದಾಗಿ ಬೀಳೋ ಭಾರದ ಶೆಲ್ ಇಲ್ಲದಿದ್ರೆ ಆ ಕೋಟೆ ಹಾಗೆ ಒಡೀತಿರಲಿಲ್ಲ.

ನಡುರಾತ್ರಿಓದು
ಹೊವಿಟ್ಜರ್ ಇದ್ರೆ ಗೆದ್ದ ಹಾಗೇ ಅನ್ನೋದೂ ಸುಳ್ಳು ಮಾರಾಯ್ರೆ. ಮೊದಲ ಮಹಾಯುದ್ಧದ, 1916ರ ಸೋಮ್ ಕದನ ನೋಡಿ. ಬ್ರಿಟಿಷರು ವಾರವಿಡೀ ಸುಮಾರು 15 ಲಕ್ಷ ಶೆಲ್ ಸುರಿದ್ರು. ಜುಲೈ 1ಕ್ಕೆ ಕಾಲಾಳು ಮುಂದೆ ಹೋದ್ರೆ ಜರ್ಮನ್ ಮಷಿನ್‌ಗನ್‌ಗಳು ಹಾಗೇ ಇದ್ವು. ಒಂದೇ ದಿನ 57 ಸಾವಿರ ಚಿಲ್ಲರೆ ಸಾವುನೋವು.

ಹಳೇಪುಟ
ಅದೇ ನನ್ನ ಮಾತಿಗೆ ಸಾಕ್ಷಿ! ಆ 15 ಲಕ್ಷದಲ್ಲಿ ಬಹುಪಾಲು ಹಗುರ ಗನ್ನುಗಳ ಶೆಲ್, ಅದರಲ್ಲೂ ಗಾಳಿಯಲ್ಲಿ ಸಿಡಿದು ಗೋಲಿ ಚೆಲ್ಲೋ ಶ್ರಾಪ್ನೆಲ್. ಮುಳ್ಳುತಂತಿ ಕತ್ತರಿಸೋಕೂ ಅದು ಸಾಲದು, ಆಳದ ಬಂಕರಿಗಂತೂ ತಾಗೋದೇ ಇಲ್ಲ. ಭಾರೀ ಹೊವಿಟ್ಜರ್ ಆ ಉದ್ದದ ರಂಗಕ್ಕೆ ಸಾಕಾಗುವಷ್ಟು ಇರಲಿಲ್ಲ. ಸಾಲದ್ದಕ್ಕೆ ಬಿದ್ದ ಶೆಲ್‌ಗಳಲ್ಲಿ ಸಿಡಿಯದೆ ಹೂತುಹೋದವೇ ರಾಶಿ. ಇವತ್ತಿಗೂ ಅಲ್ಲಿನ ರೈತರ ನೇಗಿಲಿಗೆ ಸಿಗ್ತವೆ.

ನಡುರಾತ್ರಿಓದು
ಅಂದ್ರೆ ಸೋತಾಗಲೆಲ್ಲ 'ಸಾಕಷ್ಟು ಇರಲಿಲ್ಲ' ಅನ್ನೋದು, ಗೆದ್ದಾಗ 'ನೋಡಿದ್ರಾ' ಅನ್ನೋದು. ಒಳ್ಳೆ ವಾದ 😀 ವಾರ ಮುಂಚಿನಿಂದ ಬಡಿದು ಬಡಿದು 'ನಾವು ಇಲ್ಲೇ ಬರ್ತಿದ್ದೀವಿ' ಅಂತ ಡಂಗುರ ಹೊಡೆದದ್ದೇ ದೊಡ್ಡ ದಡ್ಡತನ. 1917ರ ಕಾಂಬ್ರೆ ಕದನದಲ್ಲಿ ಮುಂಚೆ ಒಂದೂ ಪರೀಕ್ಷಾ ಶೆಲ್ ಹಾರಿಸದೆ, ನಕ್ಷೆ ಮತ್ತು ಹವಾಮಾನದ ಲೆಕ್ಕದ ಮೇಲೆ ಗುರಿ ಹಿಡಿದು ಒಮ್ಮೆಲೇ ಶುರು ಮಾಡಿದ್ರು, ಜರ್ಮನರು ಕಂಗಾಲಾದ್ರು. ಕಬ್ಬಿಣದ ತೂಕಕ್ಕಿಂತ ಲೆಕ್ಕ ಮುಖ್ಯ.

ಗನ್ನರ್_ನಿವೃತ್ತ
ಇದನ್ನ ಒಪ್ತೀನಿ. ಹೊರಗಿನೋರು ನಳಿಕೆ ನೋಡ್ತಾರೆ, ನಾವು ಲೆಕ್ಕ ನೋಡ್ತೀವಿ. ಗನ್ ಹತ್ರ ಇರೋನಿಗೆ ಶತ್ರು ಕಾಣೋದೇ ಇಲ್ಲ. ಮುಂದೆ ಎಲ್ಲೋ ಗುಡ್ಡದ ಮೇಲೆ ಕೂತ ಅಬ್ಸರ್ವೇಷನ್ ಪೋಸ್ಟ್ ಅಧಿಕಾರಿ ಗುರಿ ಹೇಳ್ತಾನೆ. ಕಮಾಂಡ್ ಪೋಸ್ಟ್‌ನಲ್ಲಿ ಗಾಳಿ, ಉಷ್ಣತೆ, ಮದ್ದಿನ ಬಿಸಿ, ನಳಿಕೆ ಎಷ್ಟು ಸವೆದಿದೆ, ಗುರಿಗೂ ನಮಗೂ ಎತ್ತರದ ವ್ಯತ್ಯಾಸ ಎಷ್ಟು, ಎಲ್ಲ ಸೇರಿಸಿ ಕೋನ ತೆಗೀತಾರೆ. ಇಪ್ಪತ್ತು ಕಿ.ಮೀ. ಆಚೆಗೆ ಹೊಡೆಯುವಾಗ ಭೂಮಿ ತಿರುಗೋದನ್ನೂ ಲೆಕ್ಕಕ್ಕೆ ತಗೋಬೇಕು. ಮೊದಲ ಶೆಲ್ ಬಿದ್ದಮೇಲೆ ಅಲ್ಲಿಂದ 'ಬಲಕ್ಕೆ ಇಷ್ಟು, ಮುಂದಕ್ಕೆ ಇಷ್ಟು' ಅಂತ ತಿದ್ದುಪಡಿ. ಸರಿ ಕೂತ್ರೆ ಇಡೀ ಬ್ಯಾಟರಿ, ಅಂದ್ರೆ ಗನ್ನುಗಳ ಇಡೀ ಗುಂಪು ಶುರು.

ಕಾರ್ಗಿಲ್‌ನಲ್ಲಿ ತಲೆನೋವಾಗಿದ್ದೂ ಈ ಲೆಕ್ಕವೇ. ಅಷ್ಟೆತ್ತರದಲ್ಲಿ ಗಾಳಿ ತೆಳು, ಶೆಲ್ಲಿಗೆ ತಡೆ ಕಮ್ಮಿ, ಬಯಲಿನ ಕೋಷ್ಟಕ ಹಿಡಿದು ಹೊಡೆದ್ರೆ ಗುರಿ ದಾಟಿ ಆಚೆ ಬೀಳುತ್ತೆ. ಲಾಭವೂ ಅದರಲ್ಲೇ ಇತ್ತು. ಬೋಫೋರ್ಸ್ 24 ಕಿ.ಮೀ. ಹತ್ರ ಹೊಡೆಯೋದು, ಅಲ್ಲಿ 30 ದಾಟ್ತು. ತಿದ್ದುವಾಗಲೂ ಕಷ್ಟ. ಚೂಪು ಶಿಖರದ ಮೇಲೆ ಐವತ್ತು ಮೀಟರ್ ಮುಂದೆ ಬಿದ್ರೆ ಶೆಲ್ ಕಣಿವೆಗೆ ಹೋಯ್ತು ಅಂತಲೇ ಅರ್ಥ, ಎಲ್ಲಿ ಸಿಡೀತು ಅಂತ ನೋಡೋನಿಗೂ ಕಾಣಲ್ಲ.

ಜೈಜವಾನ್
ಟೈಗರ್ ಹಿಲ್ ಮರಳಿ ಪಡೆದ ದಿನ ಒಟ್ಟು 9,000 ಶೆಲ್ ಹಾರಿಸಿದ್ರು ಅಂತ ಓದಿದ್ದೆ. ಬೋಫೋರ್ಸ್ ಇಲ್ಲದಿದ್ರೆ ಕಾರ್ಗಿಲ್ ಗೆಲ್ತಿರಲಿಲ್ಲ, ಬರೆದಿಟ್ಕೊಳ್ಳಿ.

ಗನ್ನರ್_ನಿವೃತ್ತ
ಬೋಫೋರ್ಸ್ ಒಂದನ್ನೇ ಹೊಗಳಬೇಡಿ ತಮ್ಮಾ. 105 ಮಿ.ಮೀ. ಫೀಲ್ಡ್ ಗನ್, 120 ಮಿ.ಮೀ. ಮೋರ್ಟರ್, ಗ್ರಾಡ್ ರಾಕೆಟ್ ಎಲ್ಲ ಸೇರಿ ಇಡೀ ಯುದ್ಧದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಶೆಲ್, ಬಾಂಬ್, ರಾಕೆಟ್ ಹಾರಿಸಿದ್ದು. ಕಡೆಗೆ ಕಡಿದಾದ ಬಂಡೆ ಹತ್ತಿ ಬಂಕರ್ ಹಿಡಿದೋರು ಕಾಲಾಳು ಹುಡುಗರು. ಅವರು ಹತ್ತೋವಾಗ ಮೇಲಿನೋರ ತಲೆ ಎತ್ತಗೊಡದಂತೆ ನೋಡ್ಕೊಂಡಿದ್ದು ನಮ್ಮ ಕೆಲಸ. ದ್ರಾಸ್‌ನ ಪಾಯಿಂಟ್ 5140ಕ್ಕೆ 2022ರಲ್ಲಿ 'ಗನ್ ಹಿಲ್' ಅಂತ ಹೆಸರಿಟ್ರು, ಅಷ್ಟು ಮರ್ಯಾದೆ ಸಾಕು.

ಮೂರನೇಕಣ್ಣು
ಬೋಫೋರ್ಸ್ ನೇರಕ್ಕೂ ಹೊಡೀತಿತ್ತಂತಲ್ರೀ ಅಲ್ಲಿ? ಬಾಗಿಸಿ ಹೊಡಿಯೋದ ಹೊವಿಟ್ಜರ್ ಅಂತ ಮೇಷ್ಟ್ರು ಈಗಷ್ಟ ಹೇಳಿದ್ರು.

ಗನ್ನರ್_ನಿವೃತ್ತ
ಹೌದು, ಎದುರು ಕಾಣೋ ಬಂಕರಿಗೆ ನಳಿಕೆ ನೇರ ಹಿಡಿದು ಹೊಡೆದದ್ದಿದೆ. ಬಂಡೆ ಸಂದೀಲಿ ಕಟ್ಟಿದ ಕಲ್ಲಿನ ಮರೆಗೋಡೆಗೆ ಬಾಗಿ ಬೀಳೋ ಶೆಲ್‌ಗಿಂತ ಅದೇ ಖಚಿತ. ಅಪಾಯ ಏನಂದ್ರೆ ಅವರು ನಿಮಗೆ ಕಾಣ್ತಾರೆ ಅಂದ್ರೆ ಅವರಿಗೂ ನೀವು ಕಾಣ್ತೀರಿ. ಬೇರೆ ದಾರಿ ಇಲ್ಲದಾಗ ಮಾಡೋ ಕೆಲಸ ಅದು.

ಬಾಣಬಿರುಸು
ಬೋಫೋರ್ಸ್ ಅಂದಮೇಲೆ ಕಮಿಷನ್ ಕಥೆಯೂ ಬರ್ಲಿ. 1987ರಲ್ಲಿ ಸ್ವೀಡಿಷ್ ರೇಡಿಯೋ ಬಯಲು ಮಾಡಿದ್ದು ಯಾರಿಗೂ ನೆನಪಿಲ್ವಾ?

ಜೈಜವಾನ್
ಅದರಿಂದ ಆದ ನಷ್ಟ ಬೇರೇನೇ. 410 ಬಂದವು, ಆಮೇಲೆ ಮೂರು ದಶಕ ಹತ್ರ ಯಾವ ಸರ್ಕಾರಕ್ಕೂ ಹೊಸ 155 ಕೊಳ್ಳೋ ಧೈರ್ಯ ಇರಲಿಲ್ಲ. ಇದಕ್ಕೆಲ್ಲ ಕಾರಣ ಯಾರು ಅಂದ್ರೆ...

ನಿರ್ವಾಹಕ
ಪಕ್ಷ ರಾಜಕೀಯಕ್ಕೆ ಬೇರೆ ಎಳೆ ಇದೆ, ಅಲ್ಲಿ ಹೊಡೆದಾಡಿ. ಇಲ್ಲಿ ಮುಂದಿನ ಇಂಥ ಪೋಸ್ಟ್ ಅಳಿಸ್ತೀನಿ.

ಸುಮ್ನೆಕುತೂಹಲ
ಧನ್ಯವಾದ ನಿರ್ವಾಹಕರೇ. ಈಗ ಡ್ರೋನ್‌ಗೆ ಬನ್ನಿ ಸಾರ್ ಯಾರಾದ್ರೂ.

ತಂತಿವಾದ್ಯ
ನಾನು ಬರ್ತೀನಿ. ಎಫ್‌ಪಿವಿ ಡ್ರೋನ್ (ಅದರ ಕ್ಯಾಮೆರಾ ಕಣ್ಣಲ್ಲೇ ನೋಡ್ತಾ ನಡೆಸೋದು) ಹೊರೋದು ಸಾಮಾನ್ಯವಾಗಿ ಒಂದೆರಡು ಕಿಲೋ ಸಿಡಿತಲೆ. ಹಳೇ ನಮೂನೆಯ 155 ಶೆಲ್ ತೂಕ 43 ಕಿಲೋ, ಅದರೊಳಗೆ ಏಳು ಕಿಲೋ ಹತ್ರ ಟಿಎನ್‌ಟಿ, ಉಳಿದದ್ದು ಚೂರಾಗಿ ಹಾರೋ ಉಕ್ಕು. ಡ್ರೋನ್ ಒಂದು ಗಾಡಿಗೆ, ಒಬ್ಬ ಮನುಷ್ಯನಿಗೆ. ಶೆಲ್ ಒಂದು ಜಾಗಕ್ಕೆ. ಮಂಜು, ಬಿರುಗಾಳಿ, ಜಡಿಮಳೆ ಇದ್ರೆ ಡ್ರೋನ್ ನೆಲಕ್ಕೆ, ಶೆಲ್ ಹೋಗ್ತಾನೇ ಇರುತ್ತೆ. ಡ್ರೋನಿನ ಸಂಕೇತ ಕೆಡಿಸಬಹುದು, ಗಾಳಿಯಲ್ಲಿರೋ ಸಾದಾ ಶೆಲ್ಲಿಗೆ ಕೆಡಿಸೋಕೆ ಏನಿದೆ? ಜಿಪಿಎಸ್ ನಂಬಿದ ಎಕ್ಸ್‌ಕ್ಯಾಲಿಬರ್ ಶೆಲ್ ಉಕ್ರೇನ್‌ನಲ್ಲಿ ರಷ್ಯನ್ ಜ್ಯಾಮಿಂಗ್‌ಗೆ ದಾರಿ ತಪ್ಪಿತು, ಸಾದಾ ಶೆಲ್ ತಪ್ಪಲಿಲ್ಲ.

ಬಾಣಬಿರುಸು
ಫೈಬರ್ ತಂತಿ ಎಳಕೊಂಡು ಹಾರೋ ಡ್ರೋನ್ ಬಂದು ಎಷ್ಟು ದಿನ ಆಯ್ತು! ಅದಕ್ಕೆ ಜ್ಯಾಮಿಂಗ್ ತಾಗಲ್ಲ. ರಷ್ಯಾದ ಲ್ಯಾನ್ಸೆಟ್ ಡ್ರೋನ್ ಎಷ್ಟು ಎಂ777 ಹೊವಿಟ್ಜರ್ ಸುಟ್ಟಿದೆ, ವಿಡಿಯೋ ಇವೆ, ನೋಡ್ಕೊಂಡು ಬನ್ನಿ. ಗನ್ ಇಟ್ಟು ಹತ್ತು ನಿಮಿಷ ಕೂತ್ರೆ ಸತ್ತ.

ತಂತಿವಾದ್ಯ
ಸುಟ್ಟಿದೆ, ಇಲ್ಲ ಅನ್ನಲ್ಲ. ಆದ್ರೆ ಉಕ್ರೇನ್ ಅಷ್ಟೊಂದು ಎಫ್‌ಪಿವಿಗೆ ಬಿದ್ದದ್ದಕ್ಕೆ ಒಂದು ಕಾರಣ ಶೆಲ್ ಸಿಗದೇ ಹೋದದ್ದು. 2023ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟ ವರ್ಷದೊಳಗೆ ಹತ್ತು ಲಕ್ಷ ಶೆಲ್ ಕೊಡ್ತೀವಿ ಅಂತು, ಗಡುವಿಗೆ ಅರ್ಧದ ಆಸುಪಾಸು ಮಾತ್ರ ತಲುಪಿದ್ದು. ಅಮೆರಿಕದ ನೆರವೂ ಆ ಚಳಿಗಾಲ ಸಂಸತ್ತಿನಲ್ಲಿ ಸಿಕ್ಕಿಕೊಂಡಿತ್ತು. ಶೆಲ್ ಇದ್ದಿದ್ರೆ ಶೆಲ್ಲೇ ಹಾರಿಸ್ತಿದ್ರು. ಇನ್ನೊಂದು ವಿಷಯ, ನೀವು ನೋಡಿದ ಎಷ್ಟೋ ವಿಡಿಯೋದಲ್ಲಿ ಡ್ರೋನ್ ಬರೀ ಕಣ್ಣು. ಮೇಲಿಂದ ನೋಡಿ ಹೇಳುತ್ತೆ, ಹೊಡೆಯೋದು ಹೊವಿಟ್ಜರ್. ಗನ್ನರ್ ಸಾರ್ ಹೇಳಿದ ಗುಡ್ಡದ ಮೇಲಿನ ಅಧಿಕಾರಿಯ ಕೆಲಸ ಈಗ ಅದಕ್ಕೆ.

ಗನ್ನರ್_ನಿವೃತ್ತ
ನಮ್ಮ ಕಾಲದಲ್ಲಿ ಅದು ಇದ್ದಿದ್ರೆ ಆ ಕಣಿವೆಗೆ ಬಿದ್ದ ಶೆಲ್‌ಗಳೆಲ್ಲ ಉಳೀತಿದ್ವು. ಆದ್ರೂ ಬಿರುಸು ಅವರ ಒಂದು ಮಾತು ಸರಿ, ಕೂತಲ್ಲೇ ಕೂರೋ ಕಾಲ ಹೋಯ್ತು. ಡ್ರೋನ್‌ಗೂ ಮುಂಚೆಯೇ ಅದನ್ನ ಕಲಿಸಿದ್ದು ರೇಡಾರ್. ಗಾಳಿಯಲ್ಲಿರೋ ಶೆಲ್ಲಿನ ದಾರಿ ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದ್ರೆ ಯಾವ ಜಾಗದಿಂದ ಹಾರಿತು ಅಂತ ಗೊತ್ತಾಗುತ್ತೆ. ಕಾರ್ಗಿಲ್‌ನಲ್ಲಿ ಪಾಕಿಸ್ತಾನದ ಹತ್ರ ಅಂಥ ಅಮೆರಿಕನ್ ರೇಡಾರ್ ಇತ್ತು, ನಮ್ಮ ಹತ್ರ ಇರಲಿಲ್ಲ. ಆ ಪೆಟ್ಟು ತಿಂದ ಮೇಲೆಯೇ ನಾವೂ ಕೊಂಡಿದ್ದು, ಡಿಆರ್‌ಡಿಒ ಮತ್ತು ಬಿಇಎಲ್ 'ಸ್ವಾತಿ' ಮಾಡಿದ್ದು. ಈಗ ಅದನ್ನ ಅರ್ಮೇನಿಯಾಗೂ ಮಾರಿದ್ದಾರೆ.

ಸುಮ್ನೆಕುತೂಹಲ
ಹಾಗಾದ್ರೆ ಎಳೆಯೋ ಫಿರಂಗಿ ಯಾಕೆ, ಎಲ್ಲವನ್ನೂ ಕೆ-9 ವಜ್ರದ ಹಾಗೆ ತಾನೇ ಓಡೋ ಥರ ಮಾಡಬಹುದಲ್ಲ?

ತಂತಿವಾದ್ಯ
ವಜ್ರದ ತೂಕ 47 ಟನ್. ಉಕ್ಕಿನ ಮೈ, ಟ್ಯಾಂಕಿನ ಹಾಗೆ ಚೈನು, ನಿಂತು ಹೊಡೆದು ಓಡೋಕೆ ಹೇಳಿ ಮಾಡಿಸಿದ್ದು. ಮರುಭೂಮಿಗೆ ಅಂತ ತಂದದ್ದು, ಆಮೇಲೆ ಲಡಾಖ್‌ಗೂ ಹತ್ತಿಸಿದ್ರು. ಆದ್ರೆ ಎಲ್ಲ ಸೇತುವೆ, ಎಲ್ಲ ಘಾಟಿ ರಸ್ತೆ ಅದನ್ನ ಹೊರಲ್ಲ. ಎಂ777 ಟೈಟಾನಿಯಂ ಬಳಸಿ ಮಾಡಿದ್ದು, ನಾಲ್ಕು ಟನ್ ಚಿಲ್ಲರೆ ಅಷ್ಟೇ. ಚಿನೂಕ್ ಹೆಲಿಕಾಪ್ಟರ್ ಕೆಳಗೆ ತೂಗುಹಾಕಿ ರಸ್ತೆಯೇ ಇಲ್ಲದ ಕಡೆ ಇಳಿಸಬಹುದು. ನಾವು 145 ತಗೊಂಡಿದ್ದು ಅದಕ್ಕೇ. ಬೆಲೆ, ರಿಪೇರಿ ಎರಡರಲ್ಲೂ ಎಳೆಯೋದು ಸಲೀಸು. ಇವೆರಡರ ನಡುವೆ ಫ್ರಾನ್ಸಿನ ಸೀಸರ್ ಥರದ ಲಾರಿ ಮೇಲಿನ ಗನ್ ಇದೆ. ನನ್ನ ಕೇಳಿದ್ರೆ ಮುಂದಿನ ದಿನ ಅದರದ್ದೇ. ಅಷ್ಟೊಂದು ಎಳೆಯೋ ಗನ್ ಕೊಂಡದ್ದು ನನಗೂ ಪೂರ್ತಿ ಒಪ್ಪಿಗೆ ಇಲ್ಲ.

ಬಾಣಬಿರುಸು
ನೋಡಿದ್ರಾ, ನಿಧಾನಕ್ಕೆ ನನ್ನ ಕಡೆ ವಾಲ್ತಿದ್ದೀರಿ.

ತಂತಿವಾದ್ಯ
ಲಾರಿ ಮೇಲೆ ಇಟ್ರೂ ಅದು ಹೊವಿಟ್ಜರೇ ಕಣ್ರೀ!

ಮೂರನೇಕಣ್ಣು
52ರ ಬದಲು 60, 70 ಮಾಡಿ ಇನ್ನೂ ದೂರ ಹೊಡೀಬಾರ್ದ್ಯಾಕ?

ಲೆಕ್ಕದಮೇಷ್ಟ್ರು
ಅಮೆರಿಕದವರು ಮಾಡಿ ನೋಡಿದ್ರು. 58 ಕ್ಯಾಲಿಬರ್ ನಳಿಕೆ, 2020ರ ಡಿಸೆಂಬರ್‌ನಲ್ಲಿ ಎಕ್ಸ್‌ಕ್ಯಾಲಿಬರ್ ಶೆಲ್ಲನ್ನ 70 ಕಿ.ಮೀ. ದೂರದ ಗುರಿಗೇ ತಾಗಿಸಿದ್ರು. ನಾಲ್ಕು ವರ್ಷ ತುಂಬೋದರೊಳಗೆ ಯೋಜನೆ ಕೈಬಿಟ್ರು. ಅಷ್ಟು ಮದ್ದಿನ ಶಾಖ, ಒತ್ತಡಕ್ಕೆ ನಳಿಕೆ ಬೇಗ ಸವೀತಿತ್ತು. ಶೆಲ್ಲನ್ನ ತಿರುಗಿಸೋ ಒಳಗಿನ ಸುರುಳಿ ಗೀರು ಸವೆದ್ರೆ ಅನಿಲ ಸೋರುತ್ತೆ, ವೇಗ ಬೀಳುತ್ತೆ, ಶೆಲ್ ಅಡ್ಡಾದಿಡ್ಡಿ ಹೋಗುತ್ತೆ. ಯಾವ ನಳಿಕೆಗೂ ಇಂತಿಷ್ಟೇ ಶೆಲ್ ಅಂತ ಆಯಸ್ಸಿರುತ್ತೆ, ಪೂರ್ತಿ ಮದ್ದು ಹಾಕಿ ಹೊಡೆದಷ್ಟೂ ಅದು ಬೇಗ ತೀರುತ್ತೆ. ಅದಕ್ಕೇ ನಳಿಕೆ ಬಿಟ್ಟು ಶೆಲ್ಲನ್ನೇ ಬದಲಿಸೋ ದಾರಿ ಹಿಡಿದ್ರು. ಹಾರುವಾಗ ಶೆಲ್ಲಿನ ಬಾಲದ ಹಿಂದೆ ನಿರ್ವಾತ ಉಂಟಾಗಿ ಹಿಂದಕ್ಕೆ ಎಳೆಯುತ್ತೆ. ಬುಡದಲ್ಲಿ ಸಣ್ಣ ಮದ್ದು ಉರಿಸಿ ಅನಿಲ ತುಂಬಿದ್ರೆ ಆ ಎಳೆತ ಕಮ್ಮಿ. ಅದೇ ಬೇಸ್ ಬ್ಲೀಡ್. ಅಟ್ಯಾಗ್ಸ್ 48 ಕಿ.ಮೀ. ಹೊಡೆದದ್ದು ಇಂಥ ಶೆಲ್ಲಿನಿಂದ.

ನಡುರಾತ್ರಿಓದು
ಈ ಎಳೆಯಲ್ಲಿ ಯಾರೂ ಎಂಆರ್‌ಎಸ್‌ಐ ಬಗ್ಗೆ ಹೇಳಿಲ್ಲ. ಒಂದೇ ಗನ್ ಹಾರಿಸಿದ ನಾಲ್ಕೈದು ಶೆಲ್ ಒಂದೇ ಗಳಿಗೆಗೆ ಬೀಳೋದಂತೆ, ಹೌದಾ?

ಲೆಕ್ಕದಮೇಷ್ಟ್ರು
ಹೌದು, ನಾನು ಮೊದಲು ಹೇಳಿದ ಮದ್ದು ಮತ್ತು ಕೋನದ ಆಟವೇ. ಮೊದಲನೇ ಶೆಲ್ ಎತ್ತರದ ದಾರೀಲಿ, ಅದು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೆ. ಮುಂದಿನವು ಒಂದಕ್ಕಿಂತ ಒಂದು ತಗ್ಗಿನ ದಾರೀಲಿ, ಮದ್ದು ಬದಲಿಸಿ. ಕಡೆಯದು ಹೊರಡೋ ಹೊತ್ತಿಗೆ ಮೊದಲನೆಯದು ಇಳೀತಿರುತ್ತೆ, ಎಲ್ಲವೂ ಕೂಡಿ ಬೀಳ್ತವೆ. ಮೊದಲ ಸಿಡಿತ ಕೇಳಿ ಕಂದಕಕ್ಕೆ ಹಾರೋಕೆ ಸಮಯವೇ ಇರಲ್ಲ. ಜರ್ಮನಿಯ ಪಾಂಜರ್‌ಹೌಬಿಟ್ಸ 2000, ಸ್ವೀಡನ್ನಿನ ಆರ್ಚರ್, ಕೆ-9 ಮಾಡ್ತವೆ. ತುಂಬೋ ಯಂತ್ರ ಚುರುಕಾಗಿರಬೇಕು, ಇಲ್ಲದಿದ್ರೆ ಆಗಲ್ಲ.

ಜೈಜವಾನ್
ಡ್ರೋನ್‌ಗೂ ಇದು ಬರುತ್ತಾ ಬಿರುಸು ಅವರೇ? 😀

ಬಾಣಬಿರುಸು
ಹತ್ತು ಡ್ರೋನ್ ಒಟ್ಟಿಗೆ ಬಿಟ್ರೆ ಒಟ್ಟಿಗೇ ಬರ್ತವೆ, ಅದಕ್ಕೇನು ಲೆಕ್ಕದ ಮೇಷ್ಟ್ರು ಬೇಕಾ?

ಗನ್ನರ್_ನಿವೃತ್ತ
ಹತ್ತು ಡ್ರೋನ್‌ಗೆ ಹತ್ತು ಜನ ನಡೆಸೋರು, ಹತ್ತು ಬ್ಯಾಟರಿ. ನಮ್ಮದರಲ್ಲಿ ಒಂದು ಗನ್, ಒಂದು ತಂಡ, ಬೆಳಗಿನ ತನಕ ಹೊಡೀತಿರ್ತೀವಿ. ಹೆಗಲು ಮಾತ್ರ ಬಿದ್ದುಹೋಗುತ್ತೆ, ಆ 43 ಕಿಲೋ ಎತ್ತಿ ಎತ್ತಿ.

ಸುಮ್ನೆಕುತೂಹಲ
ಎಲ್ಲ ಗನ್ನಲ್ಲೂ ಕೈಯಲ್ಲೇ ಎತ್ತಬೇಕಾ ಸಾರ್? ಯಂತ್ರ ಇರಲ್ವಾ?

ಗನ್ನರ್_ನಿವೃತ್ತ
ಬೋಫೋರ್ಸ್‌ನಲ್ಲಿ ಪುಟ್ಟ ಕ್ರೇನ್ ಇದೆ, ಮೂರು ಶೆಲ್ಲನ್ನ ಒಟ್ಟಿಗೆ ಟ್ರೇಗೆ ಇಡುತ್ತೆ, ಅದಕ್ಕೇ ಹದಿನಾಲ್ಕು ಸೆಕೆಂಡ್ ಒಳಗೆ ಮೂರು ಹಾರಿಸೋಕೆ ಆಗೋದು. ಅದರದ್ದೇ ಎಂಜಿನ್ನೂ ಇದೆ, ಸ್ವಲ್ಪ ದೂರ ತಾನೇ ಉರುಳಿಕೊಂಡು ಹೋಗುತ್ತೆ. ಎಂ777ನಲ್ಲಿ ಹಗುರ ಮಾಡೋಕೆ ಹೋಗಿ ಅಂಥದ್ದೆಲ್ಲ ಬಿಟ್ಟಿದ್ದಾರೆ, ಅಲ್ಲಿ ಶೆಲ್ ಎತ್ತೋದು ಹುಡುಗರ ಕೈಯೇ. ಅಟ್ಯಾಗ್ಸ್‌ನಲ್ಲಿ ಹೈಡ್ರಾಲಿಕ್ ಬಿಟ್ಟು ಎಲ್ಲ ವಿದ್ಯುತ್ ಮೋಟರ್ ಮಾಡಿದ್ದಾರೆ. ಎಣ್ಣೆ ಸೋರಿಕೆಯ ಕಾಟ ತಪ್ಪುತ್ತೆ, ಒಳ್ಳೇದೇ. ಮೈನಸ್ ಇಪ್ಪತ್ತರಲ್ಲಿ ಆ ಬ್ಯಾಟರಿ ಹೇಗೆ ನಡೆಯುತ್ತೆ ಅಂತ ಈಗ ಓಡಿಸ್ತಿರೋ ಹುಡುಗರು ಯಾರಾದ್ರೂ ಇದ್ರೆ, ಹೇಳಬಹುದಾದಷ್ಟು ಹೇಳಿ.